ಭೌತವಿಜ್ಞಾನವನ್ನು ಇತರ ವಿಜ್ಞಾನಗಳು ಎಂದಾದರೂ ತಿದ್ದಿವೆಯೇ?

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು.)

ಮೂಲತತ್ತ್ವ

ವಿಜ್ಞಾನದ ಸ್ವರೂಪವೇನು ಎಂದು ಕೇಳಿದೊಡನೆ ಹೆಚ್ಚಿನವರು ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂಬ ನಾಲ್ಕು ಹಂತಗಳನ್ನು ಒಪ್ಪಿಸಿ ಸುಮ್ಮನಾಗುತ್ತಾರೆ. ಆ ಪಟ್ಟಿ ತರಗತಿಯ ಗೋಡೆಗೆ ಸಾಕು. ಯಾವ ಜ್ಞಾನ ಕಾಳು, ಯಾವುದು ಜೊಳ್ಳು ಎಂಬುದನ್ನು ಅದು ಬೇರ್ಪಡಿಸಿ ಕೊಡುವುದಿಲ್ಲ. ನನ್ನ ಪ್ರಕಾರ ವಿಜ್ಞಾನ ಎನ್ನಿಸಿಕೊಳ್ಳುವುದೆಲ್ಲವೂ ಕೊನೆಗೆ ಭೌತವಿಜ್ಞಾನದ ಮೇಲೆ ನಿಂತಿದೆ, ಮತ್ತು ಒಂದು ಶಾಸ್ತ್ರ ಅದಕ್ಕೆ ಎಷ್ಟು ಹತ್ತಿರವೋ ಅಷ್ಟು ಗಟ್ಟಿ. ಯುರೇನಸ್ ಗ್ರಹದ ಚಲನೆಯಲ್ಲಿದ್ದ ಅಲ್ಪ ಏರುಪೇರನ್ನು ಹಿಡಿದು ಫ್ರೆಂಚ್ ಖಗೋಳವಿಜ್ಞಾನಿ ಲೆವೆರಿಯೆ ಕಾಗದದ ಮೇಲೆ ಲೆಕ್ಕ ಹಾಕಿದರು. ಅವರು ತೋರಿಸಿದ ಜಾಗದಿಂದ ಒಂದು ಡಿಗ್ರಿಯೊಳಗೆ, 1846ರ ಸೆಪ್ಟೆಂಬರ್ 23ರ ರಾತ್ರಿ, ಬರ್ಲಿನ್ ವೀಕ್ಷಣಾಲಯದಲ್ಲಿ ಗಾಲೆ ಅವರಿಗೆ ನೆಪ್ಚೂನ್ ಕಾಣಿಸಿತು. ಇಂಥ ಮುನ್ಸೂಚನೆಯನ್ನು ಇನ್ನಾವ ಶಾಸ್ತ್ರ ಕೊಟ್ಟಿದೆ? ಭೌತವಿಜ್ಞಾನದ ಬಹುಪಾಲಿಗೆ ಮತ್ತು ಇಡೀ ರಸಾಯನವಿಜ್ಞಾನಕ್ಕೆ ಬೇಕಾದ ಮೂಲ ನಿಯಮಗಳು ಈಗ ಸಂಪೂರ್ಣವಾಗಿ ತಿಳಿದಿವೆ ಎಂದು ಭೌತವಿಜ್ಞಾನಿ ಡಿರಾಕ್ 1929ರಲ್ಲೇ ಬರೆದಿಟ್ಟರು. ಇತರ ಶಾಸ್ತ್ರಗಳನ್ನು ಭೌತವಿಜ್ಞಾನ ಪದೇ ಪದೇ ತಿದ್ದಿದೆ. ಭೌತವಿಜ್ಞಾನವನ್ನು ಇತರ ಯಾವ ಶಾಸ್ತ್ರವೂ ಈವರೆಗೆ ತಿದ್ದಿಲ್ಲ. ಇದನ್ನು ಅಲ್ಲಗಳೆಯುವ ಉದಾಹರಣೆ ಯಾರ ಬಳಿಯಾದರೂ ಇದ್ದರೆ ಮುಂದಿಡಬಹುದು.

ಆವರ್ತ

ಡಿರಾಕ್ ಅವರ ವಾಕ್ಯವನ್ನು ಅರ್ಧಕ್ಕೇ ಕತ್ತರಿಸಿದ್ದೀರಿ. ಆ ನಿಯಮಗಳನ್ನು ಯಥಾವತ್ತಾಗಿ ಅನ್ವಯಿಸಲು ಹೊರಟರೆ ಬಿಡಿಸಲಾಗದಷ್ಟು ಜಟಿಲವಾದ ಸಮೀಕರಣಗಳು ಎದುರಾಗುತ್ತವೆ, ತೊಡಕಿರುವುದು ಅಲ್ಲಿ ಎಂದು ಅದೇ ವಾಕ್ಯ ಮುಂದುವರಿಯುತ್ತದೆ. ಹೈಡ್ರೊಜನ್ ಪರಮಾಣುವಿನ ಸಮೀಕರಣವನ್ನು ಪೂರ್ತಿಯಾಗಿ ಬಿಡಿಸಬಹುದು; ಇನ್ನೊಂದೇ ಒಂದು ಎಲೆಕ್ಟ್ರಾನ್ ಸೇರಿ ಹೀಲಿಯಂ ಆದೊಡನೆ ಅಂದಾಜಿನ ವಿಧಾನಗಳಿಗೆ ಮೊರೆಹೋಗಬೇಕಾಗುತ್ತದೆ. ಇನ್ನು ಮುನ್ಸೂಚನೆಯ ಮಾತು. ಧಾತುಗಳ ಆವರ್ತ ಕೋಷ್ಟಕದಲ್ಲಿ ಸಿಲಿಕಾನಿನ ಕೆಳಗಿನ ಖಾಲಿ ಮನೆಯಲ್ಲಿ ಸುಮಾರು 72 ಪರಮಾಣು ತೂಕವುಳ್ಳ ಧಾತುವೊಂದು ಇರಲೇಬೇಕೆಂದು ರಸಾಯನವಿಜ್ಞಾನಿ ಮೆಂಡಲೀವ್ 1871ರಲ್ಲಿ ಹೇಳಿದರು. 1886ರಲ್ಲಿ ವಿಂಕ್ಲರ್ ಜರ್ಮೇನಿಯಂ ಅನ್ನು ಬೇರ್ಪಡಿಸಿದರು. ಅದರ ತೂಕ ಇಂದಿನ ಅಳತೆಯಲ್ಲಿ 72.63. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಪರಮಾಣುವಿನ ಒಳಗೇನಿದೆ ಎಂದು ಭೌತವಿಜ್ಞಾನಿಗಳಿಗೆ ತಿಳಿಯುವ ಮೊದಲೇ ರಸಾಯನವಿಜ್ಞಾನ ಇಷ್ಟನ್ನು ಸಾಧಿಸಿತ್ತು.

ಮೂಲತತ್ತ್ವ

"ಖಾಲಿ ಮನೆ" ಎಂದಿರಿ. ಆ ಮನೆ ಅಲ್ಲೇ ಏಕಿದೆ ಎಂಬುದಕ್ಕೆ ಮೆಂಡಲೀವ್ ಬಳಿ ಕಾರಣವಿರಲಿಲ್ಲ. ತೂಕದ ಪ್ರಕಾರ ಅಯೋಡಿನ್ ಮೊದಲು, ಟೆಲ್ಯುರಿಯಂ ನಂತರ ಬರಬೇಕಿತ್ತು. ಗುಣಗಳನ್ನು ನೋಡಿ ಅವರು ಆ ಕ್ರಮವನ್ನು ತಿರುವಿ ಇಟ್ಟರು, ಅಷ್ಟೇ. ಧಾತುಗಳನ್ನು ಜೋಡಿಸಬೇಕಾದದ್ದು ತೂಕದಿಂದಲ್ಲ, ಪರಮಾಣು ಬೀಜದ ವಿದ್ಯುದಂಶದಿಂದ ಎಂದು 1913ರಲ್ಲಿ ಎಕ್ಸ್-ಕಿರಣಗಳ ಮೂಲಕ ತೋರಿಸಿದವರು ಮೋಸ್ಲಿ, ಅವರು ಭೌತವಿಜ್ಞಾನಿ. ನಿಮ್ಮ ಉದಾಹರಣೆ ನನ್ನ ವಾದಕ್ಕೇ ಒದಗಿಬಂತು.

ಜೀವಕೋಶ

ನೈಸರ್ಗಿಕ ಆಯ್ಕೆಯನ್ನು ಯಾವ ಸಮೀಕರಣದಿಂದ ಹೊರತೆಗೆಯುತ್ತೀರಿ ಎಂದು ತಿಳಿಯುವ ಕುತೂಹಲ ನನಗಿದೆ. ಜೀವಿಗಳು ಭೌತ ನಿಯಮಗಳನ್ನು ಮೀರುವುದಿಲ್ಲ, ಅದರಲ್ಲಿ ವಿವಾದವಿಲ್ಲ. ಆದರೆ ಮೀರದಿರುವುದು ಒಂದು ಮಾತು, ಆ ನಿಯಮಗಳಿಂದಲೇ ವಿವರಣೆ ಪಡೆಯುವುದು ಇನ್ನೊಂದು. ಪ್ರೋಟೀನು, ಅಂದರೆ ಅಮೈನೊ ಆಮ್ಲಗಳ ಸರಪಳಿ, ಯಾವ ಆಕಾರಕ್ಕೆ ಮಡಿಚಿಕೊಳ್ಳುತ್ತದೆ ಎಂಬ ಪ್ರಶ್ನೆಯ ಮೇಲೆ ದಶಕಗಳ ಕಾಲ ಬಲಗಳ ಲೆಕ್ಕ ನಡೆಯಿತು. 2020ರಲ್ಲಿ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅದನ್ನು ಬಹುಮಟ್ಟಿಗೆ ಬಗೆಹರಿಸಿದ್ದು ಕ್ವಾಂಟಂ ಸಮೀಕರಣಗಳನ್ನು ಬಿಡಿಸಿ ಅಲ್ಲ. ಈಗಾಗಲೇ ತಿಳಿದಿದ್ದ ರಚನೆಗಳಿಂದ, ಸಂಬಂಧಿ ಜೀವಿಗಳ ಸರಣಿಗಳ ಹೋಲಿಕೆಯಿಂದ, ಅಂದರೆ ಜೀವವಿಕಾಸ ಬಿಟ್ಟುಹೋದ ಗುರುತುಗಳಿಂದ ಕಲಿತು.

ಮೂಲತತ್ತ್ವ

"ಈಗಾಗಲೇ ತಿಳಿದಿದ್ದ ರಚನೆಗಳು" ತಿಳಿದದ್ದು ಹೇಗೆ? ಬಹುಪಾಲು ಎಕ್ಸ್-ಕಿರಣ ಸ್ಫಟಿಕ ವಿಧಾನದಿಂದ. ಮುಂದಿನ ಉದಾಹರಣೆ?

ಶಿಲಾಸ್ತರ

ಮುಂದಿನ ಉದಾಹರಣೆ ನಾನು ಕೊಡುತ್ತೇನೆ. ಇದಕ್ಕೆ ಎಕ್ಸ್-ಕಿರಣದ ನೆಪ ಒದಗುವುದಿಲ್ಲ.

ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ 1862ರಲ್ಲಿ ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದರು. ಭೂಮಿ ಮೊದಲು ಸುಮಾರು 7000 ಡಿಗ್ರಿ ಫ್ಯಾರನ್‌ಹೀಟ್ ಕಾವಿನ ಗೋಳವಾಗಿತ್ತು, ಅಲ್ಲಿಂದ ಮೇಲ್ಮೈಯ ಮೂಲಕ ಆರುತ್ತಾ ಬಂದಿದೆ, ಇಂದು ನೆಲದೊಳಗೆ ಪ್ರತಿ 50 ಅಡಿ ಇಳಿದಂತೆ ಉಷ್ಣತೆ ಒಂದು ಡಿಗ್ರಿ ಏರುತ್ತದೆ ಎಂದು ಹಿಡಿದು, ಎಡಿನ್‌ಬರಾ ಸುತ್ತಲಿನ ಶಿಲೆ ಮತ್ತು ಮಣ್ಣಿನಲ್ಲಿ ಹೂತಿಟ್ಟಿದ್ದ ತಾಪಮಾಪಕಗಳ ವರ್ಷಗಟ್ಟಲೆ ದಾಖಲೆಯಿಂದ ಉಷ್ಣವಹನದ ಅಳತೆಯನ್ನು ಪಡೆದು, ಅವರು 9.8 ಕೋಟಿ ವರ್ಷ ಎಂದರು; ಅನಿಶ್ಚಿತತೆಗಾಗಿ 2 ಕೋಟಿಯಿಂದ 40 ಕೋಟಿಯವರೆಗೆ ಜಾಗ ಬಿಟ್ಟರು. ಅದು ಸಾಲದು, ನಾವು ಕಾಣುವ ಸ್ತರಗಳೂ ಪಳೆಯುಳಿಕೆಗಳೂ ಅಷ್ಟರಲ್ಲಿ ಹಿಡಿಸುವುದಿಲ್ಲ ಎಂದು ಹಲವು ಭೂವಿಜ್ಞಾನಿಗಳೂ ಜೀವವಿಜ್ಞಾನಿಗಳೂ ಹೇಳಿದರು. ಅವರಿಗೆ ಸಿಕ್ಕಿದ ಉತ್ತರವೆಂದರೆ ಇಂದು ನೀವು ಕೊಡುತ್ತಿರುವ ಉತ್ತರವೇ: ಭೌತವಿಜ್ಞಾನಕ್ಕೆ ವಿರುದ್ಧವಾದದ್ದು ವಿಜ್ಞಾನವಲ್ಲ. 1897ರ ಹೊತ್ತಿಗೆ ಕೆಲ್ವಿನ್ ಆ ಅವಧಿಯನ್ನು 2ರಿಂದ 4 ಕೋಟಿಗೆ ಇಳಿಸಿದ್ದರು. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ. ಯಾರು ಯಾರನ್ನು ತಿದ್ದಿದರು?

ಮೂಲತತ್ತ್ವ

ಇದು ಬರುತ್ತದೆಂದು ಗೊತ್ತಿತ್ತು. ಕೆಲ್ವಿನ್ ತಪ್ಪಿದ್ದು ವಿಕಿರಣಶೀಲತೆ ಆಗಿನ್ನೂ ತಿಳಿದಿರಲಿಲ್ಲ ಎಂಬ ಕಾರಣಕ್ಕೆ. ಅದನ್ನು 1896ರಲ್ಲಿ ಬೆಕೆರೆಲ್ ಕಂಡುಹಿಡಿದರು, ರೇಡಿಯಂ ತಾನಾಗಿ ಶಾಖ ಕೊಡುತ್ತದೆ ಎಂದು 1903ರಲ್ಲಿ ಪಿಯರ್ ಕ್ಯೂರಿ ಮತ್ತು ಲಾಬೋರ್ಡ್ ತೋರಿಸಿದರು, 1904ರಲ್ಲಿ ರುದರ್‌ಫರ್ಡ್ ಲಂಡನ್ನಿನಲ್ಲಿ, ಸ್ವತಃ ಕೆಲ್ವಿನ್ ಕುಳಿತಿದ್ದ ಸಭೆಯಲ್ಲಿ, ಅದರ ಪರಿಣಾಮವನ್ನು ವಿವರಿಸಿದರು. ಇವರಲ್ಲಿ ಭೂವಿಜ್ಞಾನಿ ಯಾರು? ಅಷ್ಟಕ್ಕೂ, ನಮಗೆ ತಿಳಿಯದ ಶಾಖದ ಮೂಲಗಳು ಸೃಷ್ಟಿಯ ಭಂಡಾರದಲ್ಲಿ ಇಲ್ಲದಿದ್ದರೆ ಮಾತ್ರ ಎಂಬ ಷರತ್ತನ್ನು ಕೆಲ್ವಿನ್ 1862ರಲ್ಲೇ ಹಾಕಿದ್ದರು. ಭೌತವಿಜ್ಞಾನವನ್ನು ತಿದ್ದಿದ್ದು ಭೌತವಿಜ್ಞಾನವೇ.

ತಾಪಮಾಪಕ

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ, ಆದರೆ ಪಠ್ಯಪುಸ್ತಕಗಳೂ ಹೇಳುವ ಈ ವಿಕಿರಣಶೀಲತೆಯ ಕಥೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೆಲ್ವಿನ್ ಮಾದರಿಯಲ್ಲಿ ಶಾಖ ಘನವಸ್ತುವಿನ ವಹನದಿಂದ ಮಾತ್ರ ಹೊರಬರುತ್ತದೆ, ಮತ್ತು ವಹನ ಬಹಳ ನಿಧಾನ: 10 ಕೋಟಿ ವರ್ಷಗಳಲ್ಲಿ ಆರುವುದು ಮೇಲಿನ ನೂರು ಕಿಲೋಮೀಟರ್ ಆಸುಪಾಸಿನ ಪದರ ಮಾತ್ರ. ಅದರ ಕೆಳಗೆ ವಿಕಿರಣಶೀಲ ವಸ್ತು ಎಷ್ಟು ಶಾಖ ಕೊಟ್ಟರೂ ಅದು ಮೇಲ್ಮೈಗೆ ತಲುಪಿಯೇ ಇರುವುದಿಲ್ಲ. ಆದ್ದರಿಂದ ಅದೇ ಮಾದರಿಗೆ ವಿಕಿರಣಶೀಲತೆಯನ್ನು ಸೇರಿಸಿದರೂ ಉತ್ತರ ಹೆಚ್ಚೇನೂ ಬದಲಾಗುವುದಿಲ್ಲ.

ನಿಜವಾದ ದೋಷ ಬೇರೆ ಕಡೆ ಇತ್ತು. ಭೂಮಿಯ ಒಳಭಾಗ ಅತಿ ನಿಧಾನವಾಗಿ ಹರಿಯುತ್ತದೆ. ಆಳದ ಶಾಖವನ್ನು ಉಷ್ಣ ಸಂವಹನ, ಅಂದರೆ ಬಿಸಿ ವಸ್ತುವೇ ಮೇಲೇಳುವ ಹರಿವು, ಮೇಲಕ್ಕೆ ತರುತ್ತಲೇ ಇರುತ್ತದೆ. ಹೀಗಾಗಿ ಮೇಲ್ಮೈ ಬಳಿಯ ಉಷ್ಣತೆಯ ಏರಿಕೆ ಕೋಟ್ಯಂತರ ವರ್ಷ ಕಳೆದರೂ ಕಡಿದಾಗಿಯೇ ಉಳಿಯುತ್ತದೆ. ಹಿಂದೆ ಕೆಲ್ವಿನ್ ಅವರ ಸಹಾಯಕರಾಗಿದ್ದ ಎಂಜಿನಿಯರ್ ಜಾನ್ ಪೆರಿ 1895ರ ಜನವರಿಯಲ್ಲಿ, ಅಂದರೆ ವಿಕಿರಣಶೀಲತೆ ಪತ್ತೆಯಾಗುವ ಮೊದಲು, ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಳಗೆ ಶಾಖದ ಸಾಗಣೆ ಹೊರಪದರಕ್ಕಿಂತ ಸುಗಮ ಎಂದು ಒಪ್ಪಿದರೆ ವಯಸ್ಸು 200–300 ಕೋಟಿ ವರ್ಷಕ್ಕೂ ಏರಬಹುದೆಂದು ತೋರಿಸಿದರು.

ಶಿಲಾಸ್ತರ

ತಾಪಮಾಪಕ ಅವರಿಗೆ ಕೃತಜ್ಞತೆಗಳು. ಈಗಲಾದರೂ ಒಪ್ಪಿ ಸ್ವಾಮಿ, ದೋಷ ಕೆಲ್ವಿನ್ ಅವರ ಪೂರ್ವಗ್ರಹದಲ್ಲಿತ್ತು, ವಿಕಿರಣಶೀಲತೆ ತಿಳಿಯದಿದ್ದುದರಲ್ಲಿ ಅಲ್ಲ. ಇದರ ನಷ್ಟ ಎಷ್ಟೆಂದು ನೋಡಿ. ಇಂಗ್ಲೆಂಡಿನ ವೀಲ್ಡ್ ಕಣಿವೆ ಸವೆಯಲು ಸುಮಾರು 30 ಕೋಟಿ ವರ್ಷ ಬೇಕಾಯಿತೆಂದು ಡಾರ್ವಿನ್ 1859ರಲ್ಲಿ ಅಂದಾಜು ಮಾಡಿದ್ದರು. ಕೆಲ್ವಿನ್ ಲೆಕ್ಕದ ಭಯಕ್ಕೆ ತಮ್ಮ 'ಆರಿಜಿನ್ ಆಫ್ ಸ್ಪೀಷೀಸ್' ಪುಸ್ತಕದ ಮೂರನೆಯ ಆವೃತ್ತಿಯಿಂದ ಆ ಭಾಗವನ್ನೇ ಕಿತ್ತುಹಾಕಿದರು. ಭೌತವಿಜ್ಞಾನದ ಅಧಿಕಾರ ಒಂದು ಸರಿಯಾದ ಯೋಚನೆಯ ಬಾಯಿ ಮುಚ್ಚಿಸಿತು.

ತಾಪಮಾಪಕ

ಮೂರನೆಯ ಆವೃತ್ತಿ ಬಂದದ್ದು 1861ರಲ್ಲಿ. ಕೆಲ್ವಿನ್ ಲೆಕ್ಕ 1862ರದ್ದು. ಇನ್ನೂ ಪ್ರಕಟವಾಗದ ಲೆಕ್ಕಕ್ಕೆ ಡಾರ್ವಿನ್ ಹೇಗೆ ಹೆದರಿದರು? ವೀಲ್ಡ್ ಅಂದಾಜನ್ನು 1860ರಲ್ಲೇ ಬಲವಾಗಿ ಟೀಕಿಸಿದವರು ಜಾನ್ ಫಿಲಿಪ್ಸ್, ಮತ್ತು ಅವರು ನಿಮ್ಮವರೇ, ಭೂವಿಜ್ಞಾನಿ. ಅಲ್ಲದೆ 30 ಕೋಟಿ ಎಂಬ ಆ ಅಂಕಿ ಸರಿಯೂ ಅಲ್ಲ, ವಿಪರೀತ ಹೆಚ್ಚು.

ಶಿಲಾಸ್ತರ

ಇಸವಿ ಹಿಡಿದು ಜಗ್ಗಾಡಿ ಮೂಲ ಮಾತನ್ನು ಮರೆಸುವ ಅಗತ್ಯವಿರಲಿಲ್ಲ. ಆ ಒಂದು ಭಾಗವನ್ನು ತೆಗೆದದ್ದು ಯಾವ ವರ್ಷವೇ ಇರಲಿ, ನಂತರದ ವರ್ಷಗಳಲ್ಲಿ ಕೆಲ್ವಿನ್ ಅವರ ಆಕ್ಷೇಪ ತಮ್ಮನ್ನು ಬಹಳ ಕಾಡಿದ ವಿಷಯಗಳಲ್ಲಿ ಒಂದೆಂದು ಡಾರ್ವಿನ್ ಪತ್ರಗಳಲ್ಲಿ ಬರೆದುಕೊಂಡಿದ್ದಾರೆ. ಒತ್ತಡ ಇತ್ತೋ ಇರಲಿಲ್ಲವೋ ಎಂಬುದಷ್ಟೇ ಪ್ರಶ್ನೆ. ಇತ್ತು. ನೀವು ಯಾರ ಪರ ಎಂಬುದನ್ನು ಮೊದಲು ಸ್ಪಷ್ಟಪಡಿಸಿ.

ತಾಪಮಾಪಕ

ನಾನು 1861ರ ಪರ.

ಮೂಲತತ್ತ್ವ

ಈ ಜಗಳ ನೋಡಲು ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ಪದ ಜಾರಿಹೋಯಿತು: "ಎಂಜಿನಿಯರ್ ಜಾನ್ ಪೆರಿ". ಪೆರಿ ಶಿಲೆಗಳನ್ನು ಓದಿ ಆ ತೀರ್ಮಾನಕ್ಕೆ ಬರಲಿಲ್ಲ. ಕೆಲ್ವಿನ್ ಬಳಸಿದ, ಉಷ್ಣವಹನದ ಫೂರಿಯೆ ಸಮೀಕರಣವನ್ನೇ ಎತ್ತಿಕೊಂಡು ಒಳಗಿನ ಉಷ್ಣವಾಹಕತೆಯನ್ನು ಬದಲಿಸಿ ಬಿಡಿಸಿದರು. ಅದು ಭೌತವಿಜ್ಞಾನ. ವಿಕಿರಣಶೀಲತೆಗೆ ಪಾತ್ರವೇ ಇಲ್ಲವೆನ್ನುವ ತಾಪಮಾಪಕ ಅವರು 2011ರಲ್ಲಿ ಕ್ಯಾಮ್‌ಲ್ಯಾಂಡ್ ಪ್ರಯೋಗ ಭೂಮಿಯೊಳಗಿಂದ ಬರುವ ನ್ಯೂಟ್ರಿನೊಗಳೆಂಬ ಸೂಕ್ಷ್ಮ ಕಣಗಳನ್ನು ಎಣಿಸಿ, ಭೂಮಿ ಹೊರಸೂಸುವ ಶಾಖದ ಸುಮಾರು ಅರ್ಧದಷ್ಟು ವಿಕಿರಣಶೀಲ ಕ್ಷಯದಿಂದ ಬರುತ್ತದೆಂದು ಅಂದಾಜಿಸಿದ್ದನ್ನು ಗಮನಿಸಲಿ. ಇನ್ನು ಭೂವಿಜ್ಞಾನಿಗಳ ಸ್ವಂತ ಲೆಕ್ಕ ಎಷ್ಟು ಚೆನ್ನಾಗಿತ್ತು? ಡಬ್ಲಿನ್ನಿನ ಭೂವಿಜ್ಞಾನ ಪ್ರಾಧ್ಯಾಪಕ ಜಾನ್ ಜೋಲಿ 1899ರಲ್ಲಿ ಸಮುದ್ರದ ಸೋಡಿಯಂ ಪ್ರಮಾಣವನ್ನು ನದಿಗಳು ತರುವ ಸೋಡಿಯಂನಿಂದ ಭಾಗಿಸಿ 8ರಿಂದ 9 ಕೋಟಿ ವರ್ಷ ಎಂದರು. 455 ಕೋಟಿಯ ಮುಂದೆ ಅದೂ ಕೆಲ್ವಿನ್ ಅಂಕಿಯಷ್ಟೇ ದೂರ.

ತಾಪಮಾಪಕ

ಪಾತ್ರವೇ ಇಲ್ಲವೆಂದು ನಾನು ಎಲ್ಲಿ ಬರೆದೆ? ಇಂದು ಹೊರಬರುವ ಶಾಖದಲ್ಲಿ ವಿಕಿರಣಶೀಲತೆಯ ಪಾಲೆಷ್ಟು ಎಂಬುದು ಒಂದು ಪ್ರಶ್ನೆ, ಕೆಲ್ವಿನ್ ಮಾದರಿಗೆ ಅದನ್ನು ಸೇರಿಸಿದರೆ ವಯಸ್ಸಿನ ಉತ್ತರ ಎಷ್ಟು ಬದಲಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಒಂದಕ್ಕೆ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದು ಸರಿಯಲ್ಲ.

ಸಂದೇಹಿ

ಚರ್ಚೆ ಆರಂಭವಾದದ್ದು ವಿಜ್ಞಾನದ ಸ್ವರೂಪದಿಂದ. ಅದು ಕೆಲ್ವಿನ್ ಅವರ ತಾಪಮಾಪಕದೊಳಗೆ ಸಿಕ್ಕಿಕೊಂಡಿದೆ. ನೆಪ್ಚೂನ್ ಕಥೆ ಹೇಳಿದವರು ಅದರ ಎರಡನೆಯ ಅಧ್ಯಾಯವನ್ನೂ ಹೇಳಬೇಕಿತ್ತು. ಬುಧ ಗ್ರಹದ ಕಕ್ಷೆ ಲೆಕ್ಕಕ್ಕಿಂತ ತುಸು ಹೆಚ್ಚಾಗಿ ತಿರುಗುತ್ತಿದೆ ಎಂದು ಅದೇ ಲೆವೆರಿಯೆ 1859ರಲ್ಲಿ ಕಂಡುಕೊಂಡು, ಹಿಂದಿನ ಜಯದ ಹಾದಿಯಲ್ಲೇ ಮತ್ತೊಂದು ಕಾಣದ ಗ್ರಹವನ್ನು ಊಹಿಸಿದರು. ವಲ್ಕನ್ ಎಂದು ಹೆಸರಿಟ್ಟದ್ದೂ ಆಯಿತು, ಗ್ರಹ ಮಾತ್ರ ಇರಲಿಲ್ಲ. ಇಂದಿನ ಅಳತೆಯಲ್ಲಿ ಆ ವ್ಯತ್ಯಾಸ ಶತಮಾನಕ್ಕೆ 43 ಆರ್ಕ್‌ಸೆಕೆಂಡು (ಒಂದು ಆರ್ಕ್‌ಸೆಕೆಂಡು ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ), ಮತ್ತು ಅದು ವಿವರಣೆ ಪಡೆದದ್ದು 1915ರ ನವೆಂಬರಿನಲ್ಲಿ, ಐನ್‌ಸ್ಟೈನ್ ಕೈಯಲ್ಲಿ. ನಡುವಿನ 56 ವರ್ಷ ನ್ಯೂಟನ್ ನಿಯಮಕ್ಕೆ ವಿರುದ್ಧವಾದ ಸಾಕ್ಷ್ಯ ಎದುರಿಗಿದ್ದರೂ ಯಾರೂ ಆ ನಿಯಮವನ್ನು ಕೈಬಿಡಲಿಲ್ಲ, ಕೈಬಿಡದಿದ್ದದ್ದು ಅವಿವೇಕವೂ ಆಗಿರಲಿಲ್ಲ. ಸುಳ್ಳೆಂದು ತೋರಿಸಬಹುದಾದದ್ದೇ ವಿಜ್ಞಾನ ಎಂದು ತತ್ತ್ವಜ್ಞಾನಿ ಪಾಪರ್ 1934ರಲ್ಲಿ ಕೊಟ್ಟ ಅಳತೆಗೋಲು ಇಲ್ಲಿ ನೇರವಾಗಿ ಕೂಡುವುದಿಲ್ಲ, ಏಕೆಂದರೆ ವ್ಯತ್ಯಾಸ ಕಂಡಾಗ ತಪ್ಪು ನಿಯಮದಲ್ಲಿದೆಯೋ, ನಾವು ಸೇರಿಸಿಕೊಂಡ ಪೂರ್ವಕಲ್ಪನೆಯಲ್ಲಿದೆಯೋ, ಉಪಕರಣದಲ್ಲಿದೆಯೋ ಎಂಬುದನ್ನು ವ್ಯತ್ಯಾಸವೇ ಹೇಳುವುದಿಲ್ಲ. 2011ರಲ್ಲಿ ಒಪೆರಾ ಪ್ರಯೋಗದ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮೊದಲೇ ತಲುಪಿದಂತೆ ಕಂಡಾಗ ಸಾಪೇಕ್ಷತೆ ಬೀಳಲಿಲ್ಲ. ಕೊನೆಗೆ ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಸಿಕ್ಕಿತು. ಕೆಲ್ವಿನ್ ಪ್ರಕರಣದಲ್ಲೂ ಪ್ರಶ್ನೆ ಇದೇ: ಎರಡು ಶಾಸ್ತ್ರಗಳ ಸಾಕ್ಷ್ಯಗಳು ಎದುರುಬದುರಾದಾಗ ಮೊದಲು ಯಾವುದನ್ನು ಅನುಮಾನಿಸಬೇಕು ಎಂಬುದನ್ನು ಮುಂಚಿತವಾಗಿ ನಿಗದಿ ಮಾಡಲು ಸಾಧ್ಯವೇ?

ಮೂಲತತ್ತ್ವ

"ಯಾರೂ ಆ ನಿಯಮವನ್ನು ಕೈಬಿಡಲಿಲ್ಲ." ಸರಿಯಾಗಿ ಹೇಳಿದಿರಿ, ಕೈಬಿಡಲು ಇನ್ನೂ ಉತ್ತಮ ಭೌತ ನಿಯಮವೇ ಬರಬೇಕಾಯಿತು.

ಶಿಲಾಸ್ತರ ಅವರು ಸೂರ್ಯನ ವಿಷಯವನ್ನು ಜಾಣತನದಿಂದ ಬದಿಗಿಟ್ಟಿದ್ದಾರೆ. ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಶಾಖ ಕೊಡುತ್ತಿದ್ದರೆ ಅದು ಬಹುಶಃ 10 ಕೋಟಿ ವರ್ಷಗಳಿಂದ, ಹೆಚ್ಚೆಂದರೆ 50 ಕೋಟಿ ವರ್ಷಗಳಿಂದ ಭೂಮಿಯನ್ನು ಬೆಳಗಿರಬಹುದು ಎಂಬುದು ಕೆಲ್ವಿನ್ ಅವರ ಎರಡನೆಯ ವಾದ. ಪೆರಿ ಅವರ ಸಂವಹನ ಇದನ್ನು ಮುಟ್ಟುವುದೇ ಇಲ್ಲ. ಹೈಡ್ರೊಜನ್ ಸೇರಿ ಹೀಲಿಯಂ ಆಗುವಾಗ ಸೂರ್ಯನಿಗೆ ಶಕ್ತಿ ಸಿಗುತ್ತಿರಬಹುದೆಂದು 1920ರಲ್ಲಿ ಎಡಿಂಗ್ಟನ್ ಸೂಚಿಸಿ, 1939ರಲ್ಲಿ ಬೆಥೆ ಅದರ ಕ್ರಿಯಾಸರಣಿಯನ್ನು ಬಿಡಿಸಿಟ್ಟ ಮೇಲೆಯೇ ಈ ಗಂಟು ಬಿಚ್ಚಿಕೊಂಡಿತು. ಇಬ್ಬರಲ್ಲಿ ಯಾರ ಕೈಯಲ್ಲಿ ಶಿಲೆ ಒಡೆಯುವ ಸುತ್ತಿಗೆ ಇತ್ತು?

ಶಿಲಾಸ್ತರ

ಸುತ್ತಿಗೆ ಹಿಡಿದವರ ಹೆಸರು ಥಾಮಸ್ ಚೇಂಬರ್ಲಿನ್. ಷಿಕಾಗೊ ವಿಶ್ವವಿದ್ಯಾಲಯದ ಈ ಭೂವಿಜ್ಞಾನಿ ಭೂಮಿಯ ವಯಸ್ಸಿನ ಕುರಿತು ಕೆಲ್ವಿನ್ ಮಾಡಿದ ಭಾಷಣಕ್ಕೆ 1899ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಉತ್ತರ ಬರೆದರು. ಸೂರ್ಯನ ಒಡಲಿನಂಥ ಅಸಾಧಾರಣ ಸ್ಥಿತಿಯಲ್ಲಿ ವಸ್ತು ಹೇಗೆ ವರ್ತಿಸುತ್ತದೆ ಎಂಬುದು ನಮಗೆ ಪೂರ್ತಿ ತಿಳಿದಿದೆಯೇ, ಪರಮಾಣುಗಳೇ ಜಟಿಲ ರಚನೆಗಳಾಗಿದ್ದು ಅಗಾಧ ಶಕ್ತಿಯ ನೆಲೆಗಳಾಗಿರಬಾರದೇಕೆ ಎಂದು ಅವರು ಅಲ್ಲಿ ಕೇಳಿದರು. ರೇಡಿಯಂನ ಶಾಖವನ್ನು ಅಳೆಯಲು ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಭೂಮಿಯ ಚರಿತ್ರೆಗೆ ಅಷ್ಟು ಕಾಲ ಬೇಕೇಬೇಕು, ಆದ್ದರಿಂದ ನಿಮ್ಮ ಭೌತವಿಜ್ಞಾನದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಒಂದು ಶಾಸ್ತ್ರ ಇನ್ನೊಂದಕ್ಕೆ ಹೇಳಿತು, ಎಲ್ಲಿ ಬಿಟ್ಟುಹೋಗಿದೆ ಎಂಬುದನ್ನೂ ಬೆರಳಿಟ್ಟು ತೋರಿಸಿತು. ನೀವು ಕೇಳಿದ್ದ ಉದಾಹರಣೆ ಇದು.

ಮೂಲತತ್ತ್ವ

ಅದು ಊಹೆ. "ಆಗಿರಬಾರದೇಕೆ" ಎಂದು ಕೇಳುವುದಕ್ಕೆ ಅಳತೆ ಬೇಕಿಲ್ಲ, ಸಮೀಕರಣ ಬೇಕಿಲ್ಲ. ನೂರು ಜನ ನೂರು ರೀತಿ ಊಹಿಸಿದಾಗ ಒಂದು ಸರಿಯಾಗಿಬಿಡುತ್ತದೆ; ಅದನ್ನು ತಿದ್ದುವಿಕೆ ಎನ್ನಲಾಗದು. ತಿದ್ದಿದವರು ಅಳೆದವರು.

ಜೀವಕೋಶ

ನಿಯಮಗಳು ಸ್ಪಷ್ಟವಾದವು. ಭೂವಿಜ್ಞಾನಿ ಸರಿಯಾಗಿ ಹೇಳಿದರೆ ಅದು ಊಹೆ, ಎಂಜಿನಿಯರ್ ಸರಿಯಾಗಿ ಹೇಳಿದರೆ ಅವನು ಭೌತವಿಜ್ಞಾನಿ, ಭೌತವಿಜ್ಞಾನಿ ತಪ್ಪಿದರೆ ಅವನು ಷರತ್ತು ಹಾಕಿದ್ದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಗೆ ಇಷ್ಟು ವಿಸ್ತಾರವಾದ ವ್ಯಾಖ್ಯಾನವನ್ನು ನಾನು ಓದಿರಲಿಲ್ಲ. ಅಂದಹಾಗೆ ಆ ಷರತ್ತು ಇದ್ದದ್ದು ಸೂರ್ಯನ ಲೇಖನದಲ್ಲಿ. 1897ರಲ್ಲಿ ಭೂಮಿಯ ಅವಧಿಯನ್ನು 2ರಿಂದ 4 ಕೋಟಿಗೆ ಬಿಗಿಗೊಳಿಸುವಾಗ ಅದು ಎಲ್ಲಿ ಹೋಗಿತ್ತು?

ಮೂಲತತ್ತ್ವ

ವೈಯಕ್ತಿಕ ಮೂದಲಿಕೆಗೆ ಉತ್ತರಿಸುವುದಿಲ್ಲ.

ಸಂದೇಹಿ

ಕೆಲ್ವಿನ್ ಬೇಡವೆಂದರೆ ಇನ್ನೊಂದು ಪ್ರಕರಣವಿದೆ, ಅದು ಇಪ್ಪತ್ತನೆಯ ಶತಮಾನದ್ದು. ಹಬಲ್ 1929ರಲ್ಲಿ ಅಳೆದ ವಿಸ್ತರಣೆಯ ದರದಿಂದ ಲೆಕ್ಕ ಹಾಕಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಬರುತ್ತಿತ್ತು. ಅದಕ್ಕಿಂತ ಹಳೆಯ ಶಿಲೆಗಳು ಭೂಮಿಯ ಮೇಲೆ ಇವೆ ಎಂಬುದು 1940ರ ದಶಕದ ಹೊತ್ತಿಗೆ ಸ್ಪಷ್ಟವಾಗಿತ್ತು. ವಿಶ್ವಕ್ಕಿಂತ ಹಳೆಯ ಕಲ್ಲು ಇರಲಾರದು, ಆದ್ದರಿಂದ ಎರಡರಲ್ಲಿ ಒಂದು ಸೋಲಲೇಬೇಕಿತ್ತು. ಸೋತದ್ದು ವಿಶ್ವದ ಅಳತೆ. ದೂರ ಅಳೆಯಲು ಬಳಸುತ್ತಿದ್ದ ಸೆಫೀಡ್ ನಕ್ಷತ್ರಗಳಲ್ಲಿ ಎರಡು ಬಗೆಗಳು ಬೆರೆತುಹೋಗಿವೆ ಎಂದು 1952ರಲ್ಲಿ ಬಾಡೆ ತೋರಿಸಿದಾಗ ದೂರಗಳೂ ವಯಸ್ಸೂ ಒಮ್ಮೆಲೇ ಇಮ್ಮಡಿಯಾದವು, ನಂತರದ ತಿದ್ದುಪಡಿಗಳಲ್ಲಿ ಇನ್ನೂ ಹೆಚ್ಚಿದವು. ಕಲ್ಲು ಇಲ್ಲಿ ಆಕಾಶವನ್ನು ತಿದ್ದಿತು ಎನ್ನಲು ನಿಮ್ಮ ಅಡ್ಡಿಯೇನು?

ಮೂಲತತ್ತ್ವ

ಕಲ್ಲಿನ ವಯಸ್ಸು ಹೇಳಿದ್ದು ಕಲ್ಲಲ್ಲ, ಅದರೊಳಗಿನ ಯುರೇನಿಯಂ. ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ ಬೇಕೆಂಬುದು ಭೌತವಿಜ್ಞಾನದ ಅಳತೆ. ಶಿಲಾಸ್ತರ ಅವರು ಹೆಮ್ಮೆಯಿಂದ ಉಲ್ಲೇಖಿಸಿದ 455 ಕೋಟಿಯೂ, 1956ರಲ್ಲಿ ಪ್ಯಾಟರ್ಸನ್ ದ್ರವ್ಯರಾಶಿ ರೋಹಿತಮಾಪಕದಲ್ಲಿ ಸೀಸದ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಎಣಿಸಿ ಪಡೆದದ್ದು. ಗಡಿಯಾರವನ್ನು ನಾವು ಕೊಟ್ಟೆವು, ಅದನ್ನು ಓದಿದವರು ಗಡಿಯಾರ ತಮ್ಮದೆನ್ನುತ್ತಿದ್ದಾರೆ.

ಶಿಲಾಸ್ತರ

ಓದುವುದು ಅಷ್ಟು ಸುಲಭವಾಗಿದ್ದರೆ ಆ ಗಡಿಯಾರ ಸಿಕ್ಕಿದ ದಿನವೇ ಉತ್ತರ ಸಿಗಬೇಕಿತ್ತು, 1956ರವರೆಗೆ ಕಾಯಬೇಕಿರಲಿಲ್ಲ. ಪ್ಯಾಟರ್ಸನ್ ಭೂರಸಾಯನ ವಿಜ್ಞಾನಿ. ಯಾವ ಕಲ್ಲನ್ನು ಅಳೆಯಬೇಕು ಎಂಬುದೇ ಅಲ್ಲಿ ಅರ್ಧ ಕೆಲಸ: ಭೂಮಿಯ ಕಲ್ಲುಗಳು ಕರಗಿ, ಮಡಿಚಿ, ಮರುಹುಟ್ಟು ಪಡೆದಿರುವುದರಿಂದ ಮೊದಲ ಪುಟ ಅವುಗಳಲ್ಲಿ ಉಳಿದಿಲ್ಲ. ಆದ್ದರಿಂದ ಭೂಮಿಯೊಂದಿಗೇ ರೂಪುಗೊಂಡ ಉಲ್ಕಾಶಿಲೆಗಳನ್ನು ಆರಿಸಿಕೊಳ್ಳಬೇಕಾಯಿತು. ಯುರೇನಿಯಂ ಇಲ್ಲವೆನ್ನಬಹುದಾದಷ್ಟು ಕಡಿಮೆ ಇರುವ, ಕ್ಯಾನ್ಯನ್ ಡಯಾಬ್ಲೊ ಉಲ್ಕೆಯ ಕಬ್ಬಿಣ-ಗಂಧಕದ ಖನಿಜದಿಂದ ಆದಿಯ ಸೀಸದ ಪ್ರಮಾಣವನ್ನು ತೆಗೆಯಬೇಕಾಯಿತು. ಅದಕ್ಕೂ ಮೊದಲು ಅಳತೆಗಳೇ ಕೂಡುತ್ತಿರಲಿಲ್ಲ, ಏಕೆಂದರೆ ಗಾಳಿ, ಧೂಳು, ನೀರು, ಗಾಜಿನ ಪಾತ್ರೆ, ಎಲ್ಲದರಿಂದಲೂ ಸೀಸ ಬಂದು ಮಾದರಿಗೆ ಸೇರುತ್ತಿತ್ತು. ಪಾತ್ರೆಗಳನ್ನು ಆಮ್ಲದಲ್ಲಿ ತೊಳೆದು, ರಾಸಾಯನಿಕಗಳನ್ನು ತಾವೇ ಮತ್ತೆ ಮತ್ತೆ ಶುದ್ಧೀಕರಿಸಿ, ಶೋಧಿಸಿದ ಗಾಳಿ ಮಾತ್ರ ಒಳಬರುವಂಥ ಕೋಣೆ ಕಟ್ಟಿ, ವರ್ಷಗಟ್ಟಲೆ ಸೀಸದೊಂದಿಗೆ ಗುದ್ದಾಡಿದ ಮೇಲೆ ಆ ಅಂಕಿ ಬಂತು. ಇದನ್ನೆಲ್ಲ "ಓದಿದವರು" ಎಂಬ ಒಂದು ಪದದಲ್ಲಿ ಮುಗಿಸುವವರು ಪ್ರಯೋಗಾಲಯದ ಬಾಗಿಲನ್ನೂ ನೋಡಿಲ್ಲವೆಂದೇ ತಿಳಿಯಬೇಕಾಗುತ್ತದೆ.

ಆವರ್ತ

ಡಿರಾಕ್ ವಾಕ್ಯದ ಉತ್ತರಾರ್ಧಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂಬುದನ್ನು ದಾಖಲಿಸುತ್ತೇನೆ. ರಸಾಯನವಿಜ್ಞಾನ ಹೋಗಲಿ, ಭೌತವಿಜ್ಞಾನದೊಳಗೇ ನೋಡಿ. ತಾಮ್ರದ ಆಕ್ಸೈಡುಗಳು ಹೋಲಿಕೆಯಲ್ಲಿ ಎತ್ತರದ ಉಷ್ಣತೆಯಲ್ಲೂ ಅತಿವಾಹಕಗಳಾಗುತ್ತವೆ, ಅಂದರೆ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುತ್ತವೆ ಎಂದು ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರ್ 1986ರಲ್ಲಿ ಕಂಡುಕೊಂಡರು. ಅಲ್ಲಿರುವುದು ಎಲೆಕ್ಟ್ರಾನುಗಳು ಮತ್ತು ಪರಮಾಣು ಬೀಜಗಳು, ಅವುಗಳ ನಿಯಮ ಡಿರಾಕ್ ಕಾಲದಿಂದಲೂ ಗೊತ್ತು, ಆದರೂ ಅದು ಏಕಾಗುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಸಿದ್ಧಾಂತ ಇಂದಿಗೂ ಇಲ್ಲ. ಪ್ರತಿ ಹಂತದ ಸಂಕೀರ್ಣತೆಯಲ್ಲೂ ಹೊಸ ನಿಯಮಗಳು ಬೇಕಾಗುತ್ತವೆ ಎಂದು 1972ರಲ್ಲಿ ವಾದಿಸಿದ ಫಿಲಿಪ್ ಆಂಡರ್ಸನ್ ರಸಾಯನವಿಜ್ಞಾನಿಯಾಗಿರಲಿಲ್ಲ, ಭೌತವಿಜ್ಞಾನದ ನೊಬೆಲ್ ಪಡೆದವರು.

ಮೂಲತತ್ತ್ವ

"ಭೌತವಿಜ್ಞಾನದ ನೊಬೆಲ್ ಪಡೆದವರು." ಅಷ್ಟು ಸಾಕು. ಭೌತವಿಜ್ಞಾನದ ಮಿತಿಯನ್ನು ಹೇಳಲಿಕ್ಕೂ ಭೌತವಿಜ್ಞಾನಿಯೇ ಬೇಕಾದರು.

ಶಿಲಾಸ್ತರ

ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಗಾದರೆ ಮುಂಚಿತವಾಗಿಯೇ ಹೇಳಿಬಿಡಿ: ಏನಾದರೆ ನೀವು "ಇನ್ನೊಂದು ಶಾಸ್ತ್ರ ಭೌತವಿಜ್ಞಾನವನ್ನು ತಿದ್ದಿತು" ಎಂದು ಒಪ್ಪುತ್ತೀರಿ? ಉತ್ತರವಿಲ್ಲದಿದ್ದರೆ ಸಂದೇಹಿ ಅವರು ಉಲ್ಲೇಖಿಸಿದ ಪಾಪರ್ ಅಳತೆಗೋಲಿನಲ್ಲಿ ನಿಮ್ಮ ಮೊದಲ ಹೇಳಿಕೆಯೇ ವಿಜ್ಞಾನವಾಗುವುದಿಲ್ಲ.

ಮೂಲತತ್ತ್ವ

ಸಂತೋಷದಿಂದ ಹೇಳುತ್ತೇನೆ. ಭೌತವಿಜ್ಞಾನದ ಒಂದು ಮೂಲ ಸ್ಥಿರಾಂಕ ಸ್ಥಿರವೇ ಅಲ್ಲ ಎಂದು ನೆಲದಲ್ಲಿ ಬಿದ್ದಿರುವ ಒಂದು ಕಲ್ಲು ತೋರಿಸಿಕೊಡಲಿ, ಆಗ ಒಪ್ಪುತ್ತೇನೆ. ಅಂಥ ಪ್ರಶ್ನೆಗೆ ಕಲ್ಲು ಸಾಕ್ಷಿ ಹೇಳುತ್ತದೆ ಎಂಬ ನಂಬಿಕೆ ನನಗಿಲ್ಲ.

ತಾಪಮಾಪಕ

ಆ ಸಾಕ್ಷಿಯನ್ನು ಈಗಾಗಲೇ ಕರೆಯಲಾಗಿದೆ. ಗಬಾನ್ ದೇಶದ ಒಕ್ಲೊ ಗಣಿಯ ಅದಿರಿನಲ್ಲಿ ಯುರೇನಿಯಂ-235ರ ಪಾಲು ಎಂದಿನ ಶೇಕಡಾ 0.720ರ ಬದಲು 0.717 ಇರುವುದು 1972ರಲ್ಲಿ ಫ್ರಾನ್ಸಿನ ಇಂಧನ ಘಟಕವೊಂದರ ಗಮನಕ್ಕೆ ಬಂತು. ಸುಮಾರು 200 ಕೋಟಿ ವರ್ಷಗಳ ಹಿಂದೆ ಆ ಅದಿರು, ಒಳನುಗ್ಗಿದ ನೀರಿನ ನೆರವಿನಿಂದ, ತಾನೇ ಪರಮಾಣು ಸ್ಥಾವರವಾಗಿ ಉರಿದಿತ್ತು. ಅಲ್ಲಿ ಉಳಿದಿರುವ ಸಮೇರಿಯಂ ಐಸೊಟೋಪುಗಳ ಪ್ರಮಾಣವನ್ನು ಹಿಡಿದು, ಅಂದಿನಿಂದ ಇಂದಿನವರೆಗೆ ಸೂಕ್ಷ್ಮರಚನಾ ಸ್ಥಿರಾಂಕ (ವಿದ್ಯುತ್ಕಾಂತೀಯ ಬಲ ಎಷ್ಟೆಂದು ಸೂಚಿಸುವ ಸಂಖ್ಯೆ) ಬದಲಾಗಿದೆಯೇ ಎಂದು 1976ರಲ್ಲಿ ಶ್ಲ್ಯಾಕ್ಟರ್ ಪರಿಶೀಲಿಸಿದರು. ಬದಲಾಗಿದ್ದರೂ ಅದು ಕೋಟಿಯಲ್ಲಿ ಕೆಲವೇ ಭಾಗಗಳಿಗಿಂತ ಹೆಚ್ಚಿರಲಾರದು ಎಂಬ ಮಿತಿ ಆ ಬಗೆಯ ವಿಶ್ಲೇಷಣೆಗಳಿಂದ ಸಿಕ್ಕಿದೆ.

ಮೂಲತತ್ತ್ವ

ಅಂದರೆ ಬದಲಾಗಿಲ್ಲ. ನಾನು ಕೇಳಿದ್ದು ತಿದ್ದಿದ ಉದಾಹರಣೆ, ನೀವು ಕೊಟ್ಟದ್ದು ದೃಢಪಡಿಸಿದ ಉದಾಹರಣೆ.

ಶಿಲಾಸ್ತರ

ಕಲ್ಲು ಸಾಕ್ಷಿ ಹೇಳುವುದಿಲ್ಲ ಎಂದು ಬರೆದವರು ಇದಕ್ಕೆ ಹಿಂದಿನ ಉತ್ತರದಲ್ಲಿ ನೀವೇ. ಸಾಕ್ಷಿ ಈಗ ನಿಮ್ಮ ಪರವಾಗಿ ನುಡಿದೊಡನೆ ಒಪ್ಪಿಗೆಯಾಯಿತು. 1899ರಲ್ಲಿ ವಿರುದ್ಧ ನುಡಿದಾಗ ಮಾತ್ರ ಅದು ಊಹೆ. ಚೇಂಬರ್ಲಿನ್ ಬಗ್ಗೆ ಕೇಳಿದ ಪ್ರಶ್ನೆ ಅಲ್ಲಿಯೇ ಇದೆ.

ತಾಪಮಾಪಕ

ಡಾರ್ವಿನ್ ಆವೃತ್ತಿಯ ಇಸವಿಯೂ ಅಲ್ಲಿಯೇ ಇದೆ.